ಸ್ವಿಚ್ಚು ಬಿದ್ದ ದಿನ ನೆನಪಾದ ಡೈಕ್‌ಸ್ಟ್ರಾ

ರಾಣೆಬೆನ್ನೂರು ಬಿಟ್ಟು ಪುಣೆಗೆ ಬಂದು ಹದಿಮೂರು ವರ್ಷವಾಯಿತು. ಊರಿಗೆ ಹೋದಾಗ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಮೊದಮೊದಲು ನೆಟ್‌ವರ್ಕ್ ಎಂಜಿನಿಯರ್ ಎನ್ನುತ್ತಿದ್ದೆ. ನಮ್ಮ ಸೋದರಮಾವ ಅದನ್ನು ಮೊಬೈಲ್ ಟವರ್ ಹತ್ತುವ ಕೆಲಸ ಎಂದುಕೊಂಡು, ಮಳೆಗಾಲದಲ್ಲಿ ಹುಷಾರಾಗಿರಲಿ ಎಂದು ಅವ್ವನ ಹತ್ತಿರ ಹೇಳಿ ಕಳಿಸಿದ್ದರು. ಈಗ ಉತ್ತರ ಬದಲಿಸಿದ್ದೇನೆ. ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಕೂತಿರುತ್ತಾರಲ್ಲ ಮಾವ, ಅದೇ ಕೆಲಸ, ಬಸ್ಸಿನ ಬದಲು ಡೇಟಾ ಪ್ಯಾಕೆಟ್ಟು ಎನ್ನುತ್ತೇನೆ. ಮಾವನಿಗೆ ಸಮಾಧಾನವಾಗಿದೆ.

ಪ್ಯಾಕೆಟ್ಟುಗಳಿಗೆ ದಾರಿ ಹೇಳುವ ಈ ಕೆಲಸಕ್ಕೆ ರೂಟಿಂಗ್ ಎಂದು ಹೆಸರು. ಅದಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರ ಹೆಸರನ್ನು ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವಾಗ ಹತ್ತು ಅಂಕದ ಪ್ರಶ್ನೆಗೆ ಬರೆದು ಮರೆತಿದ್ದೆ. ಎಡ್ಸ್‌ಗರ್ ಡೈಕ್‌ಸ್ಟ್ರಾ. ನಮ್ಮ ಮೇಷ್ಟ್ರು ಡಿಜ್‌ಕಿಸ್ತ್ರ ಎಂದು ಕಷ್ಟಪಟ್ಟು ಉಚ್ಚರಿಸುತ್ತಿದ್ದರು. ಆ ಹೆಸರಿನಲ್ಲಿ ಐ, ಜೆ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಸಾಲಾಗಿ ಬರುತ್ತವೆ, ಪ್ರೋಗ್ರಾಂ ಬರೆಯುವವರು ಎಣಿಕೆಗೆ ಬಳಸುವುದೂ ಅವನ್ನೇ ಎಂದು ಹಿಂದಿನ ಬೆಂಚಿನ ಗೆಳೆಯ ತೋರಿಸಿ ನಕ್ಕಿದ್ದ. ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ. ಎರಡು ವರ್ಷದ ಹಿಂದೆ ಒಂದು ಮಂಗಳವಾರ ಬೆಳಿಗ್ಗೆ ನಮ್ಮ ಸ್ವಿಚ್ಚು ಬೀಳುವ ತನಕ.

ಆ ಸ್ವಿಚ್ಚು ಗಾತ್ರದಲ್ಲಿ ಮನೆಯ ಫ್ರಿಜ್ಜಿನಷ್ಟಿದೆ. ನಮ್ಮ ಕಟ್ಟಡದ ಒಂದು ಭಾಗದಿಂದ ಹೊರಹೋಗುವ ಎಲ್ಲ ಡೇಟಾಕ್ಕೂ ಅದೊಂದೇ ಬಾಗಿಲು. ಅದಕ್ಕೇ ಅದರೊಳಗೆ ಎರಡು ಕಂಟ್ರೋಲ್ ಕಾರ್ಡುಗಳಿವೆ. ಒಂದು ದುಡಿಯುತ್ತದೆ, ಇನ್ನೊಂದು ಪಕ್ಕದಲ್ಲಿ ಎಚ್ಚರವಾಗಿ ಕಾಯುತ್ತದೆ. ದುಡಿಯುವುದು ಕೈಕೊಟ್ಟರೆ ಕಾಯುತ್ತಿದ್ದದ್ದು ಆ ಜಾಗಕ್ಕೆ ಬರುತ್ತದೆ. ಇದಕ್ಕೆ ಫೇಲ್‌ಓವರ್ ಎನ್ನುತ್ತೇವೆ. ಬಸ್ ಸ್ಟ್ಯಾಂಡಿನ ಲೆಕ್ಕದಲ್ಲಿ ಹೇಳುವುದಾದರೆ, ಕಂಟ್ರೋಲರ್‌ಗೆ ತಲೆಸುತ್ತು ಬಂದು ಅವರ ಕುರ್ಚಿಗೆ ಇನ್ನೊಬ್ಬರು ಬಂದು ಕೂರುವಷ್ಟು ಹೊತ್ತು ಬಸ್ಸುಗಳು ಬೋರ್ಡಿನಲ್ಲಿ ಬರೆದದ್ದನ್ನು ನೋಡಿಕೊಂಡು ಓಡುತ್ತಲೇ ಇರಬೇಕು. ಸ್ವಿಚ್ಚಿನಲ್ಲೂ ದಾರಿ ಲೆಕ್ಕ ಹಾಕುವ ತಲೆ ಬೇರೆ, ಆ ಲೆಕ್ಕದ ಪಟ್ಟಿ ಹಿಡಿದು ಪ್ಯಾಕೆಟ್ಟು ದಾಟಿಸುವ ಕೈ ಬೇರೆ. ತಲೆ ಬದಲಾಗುವಾಗ ಕೈ ನಿಲ್ಲಬಾರದು.

ನಾನು ಇದನ್ನು ಮೂರು ಶನಿವಾರ ರಾತ್ರಿ ಪರೀಕ್ಷೆ ಮಾಡಿದ್ದೆ. ದುಡಿಯುತ್ತಿದ್ದ ಕಾರ್ಡನ್ನು ಬೇಕೆಂದೇ ನಿಲ್ಲಿಸಿ ನೋಡಿದ್ದೆ. ಮೂರೂ ಸಲ ಒಂದು ಪ್ಯಾಕೆಟ್ಟೂ ಕಳೆಯಲಿಲ್ಲ. ಫೇಲ್‌ಓವರ್ ವೇಳೆ ಸೇವೆಗೆ ಯಾವ ಅಡಚಣೆಯೂ ಇರುವುದಿಲ್ಲ ಎಂದು ವರದಿ ಬರೆದು ಸಹಿ ಹಾಕಿದೆ. ಮೂರು ತಿಂಗಳಾದ ಮೇಲೆ ಆ ಮಂಗಳವಾರ ಕಾರ್ಡು ನಿಜವಾಗಿಯೇ ಸತ್ತಿತು. ಕಾಯುತ್ತಿದ್ದ ಕಾರ್ಡು ಹೇಳಿದ ಹಾಗೆ ಎದ್ದಿತು. ಆದರೂ ಐವತ್ತು ಸೆಕೆಂಡು ಆ ಬಾಗಿಲಿನಿಂದ ಏನೂ ಹೊರಹೋಗಲಿಲ್ಲ.

ಐವತ್ತು ಸೆಕೆಂಡು ಏನು ಮಹಾ ಎನಿಸಬಹುದು. ಆಸ್ಪತ್ರೆಗಳಿಗೆ ವಿಮೆಯ ಒಪ್ಪಿಗೆ ಕಳಿಸುವ ಗ್ರಾಹಕರೊಬ್ಬರು ನಮ್ಮಲ್ಲಿದ್ದರು. ಅವರ ಸಿಬ್ಬಂದಿಯ ಲಾಗಿನ್‌ಗಳೆಲ್ಲ ಒಟ್ಟಿಗೆ ಕಡಿದುಹೋದವು, ಎಲ್ಲರೂ ಒಟ್ಟಿಗೆ ಮತ್ತೆ ಒಳಬರಲು ನೋಡಿದರು, ಆ ನೂಕುನುಗ್ಗಲಿಗೆ ಸರ್ವರ್ ಏದುಸಿರು ಬಿಟ್ಟಿತು. ಎಲ್ಲ ಸರಿಹೋಗಲು ಮುಕ್ಕಾಲು ಗಂಟೆ. ಅಷ್ಟು ಹೊತ್ತು ಡಿಸ್ಚಾರ್ಜ್ ಆಗಬೇಕಾದವರು ಎಲ್ಲೆಲ್ಲೋ ಬಿಲ್ ಕೌಂಟರುಗಳ ಮುಂದೆ ಕಾದರು. ಸಂಜೆಯ ಮೀಟಿಂಗಿನಲ್ಲಿ ನನ್ನ ವರದಿಯನ್ನೇ ಪರದೆಯ ಮೇಲೆ ಹಾಕಿದರು. ನನ್ನ ಸಹಿ ಗೋಡೆಯಗಲ ಕಾಣುತ್ತಿತ್ತು.

ಆ ವಾರವಿಡೀ ರಾತ್ರಿ ಕೂತು ಕಾರಣ ಹುಡುಕಿದೆ. ದಾರಿ ಲೆಕ್ಕ ಹಾಕುವ ಕ್ರಮವನ್ನು ಬುಡದಿಂದ ಮತ್ತೆ ಓದುತ್ತ ಹೋದವನು ಡೈಕ್‌ಸ್ಟ್ರಾ ಅವರ ಕೈಬರಹದ ಟಿಪ್ಪಣಿಗಳ ಹತ್ತಿರ ಬಂದು ಮುಟ್ಟಿದೆ. ಟೆಕ್ಸಾಸ್ ವಿಶ್ವವಿದ್ಯಾಲಯ ಅವನ್ನು ಯಾರು ಬೇಕಾದರೂ ಓದುವಂತೆ ಕಾಪಿಟ್ಟಿದೆ. ಫೌಂಟನ್ ಪೆನ್ನಿನ ದುಂಡು ಅಕ್ಷರ, ಪುಟದಲ್ಲಿ ಕಾಟು ಹೊಡೆದದ್ದೇ ಇಲ್ಲವೆನ್ನುವಷ್ಟು ಅಪರೂಪ. ಹತ್ತು ಅಂಕದ ಹೆಸರಿನ ಹಿಂದೆ ಒಬ್ಬ ಮನುಷ್ಯ ಕಾಣತೊಡಗಿದರು.

ಹುಟ್ಟಿದ್ದು ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ, 1930ರ ಮೇ 11ರಂದು. ತಂದೆ ರಸಾಯನ ಶಾಸ್ತ್ರದ ಮೇಷ್ಟ್ರು. ತಾಯಿ ಗಣಿತ ಕಲಿತವರು, ಆದರೆ ಎಂದೂ ಉದ್ಯೋಗಕ್ಕೆ ಹೋದವರಲ್ಲ. ಹುಡುಗನಿಗೆ ಹತ್ತು ತುಂಬಿದ ಮೂರನೇ ದಿನ ಜರ್ಮನ್ ವಿಮಾನಗಳು ರಾಟರ್‌ಡ್ಯಾಮಿನ ನಡುಭಾಗವನ್ನು ಸುಟ್ಟು ಹಾಕಿದವು. ಮುಂದಿನ ಐದು ವರ್ಷ ದೇಶವೇ ಪರರ ಕೈಯಲ್ಲಿತ್ತು. ಶಾಲೆ ಮುಗಿಸುವಾಗ ಅವರಿಗಿದ್ದ ಆಸೆ ಕಾನೂನು ಓದಿ ವಿಶ್ವಸಂಸ್ಥೆಯಲ್ಲಿ ತಮ್ಮ ದೇಶವನ್ನು ಪ್ರತಿನಿಧಿಸುವುದು. ಆದರೆ ಗಣಿತ, ವಿಜ್ಞಾನಗಳಲ್ಲಿ ಬಂದ ಅಂಕ ನೋಡಿ ಮನೆಯವರು ಬೇರೆ ದಾರಿ ತೋರಿಸಿದರು. 1948ರಲ್ಲಿ ಲೈಡನ್ ವಿಶ್ವವಿದ್ಯಾಲಯ ಸೇರಿ ಭೌತಶಾಸ್ತ್ರಕ್ಕೆ ಬಿದ್ದರು.

ತಾಯಿಯ ಪ್ರಭಾವ ದೊಡ್ಡದು. ತ್ರಿಕೋನಮಿತಿ ಕಷ್ಟವೇ ಎಂದು ಮಗ ಕೇಳಿದಾಗ, ಸೂತ್ರಗಳನ್ನು ಚೆನ್ನಾಗಿ ಕಲಿತುಕೋ, ಐದು ಸಾಲು ದಾಟಿದರೆ ದಾರಿ ತಪ್ಪಿದೆ ಎಂದು ತಿಳಿ ಎಂಬರ್ಥದ ಮಾತು ಹೇಳಿದ್ದರಂತೆ. ಮಗ ಅದನ್ನು ಜೀವನಪೂರ್ತಿ ಪಾಲಿಸಿದರು. ಅವರ ಅತಿ ಮುಖ್ಯ ಲೇಖನಗಳಲ್ಲಿ ಒಂದು ಮೂರು ಪುಟ, ಇನ್ನೊಂದು ಎರಡೇ ಪುಟ.

1951ರಲ್ಲಿ ತಂದೆ ಒಂದು ಜಾಹೀರಾತು ನೋಡಿದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಡ್ಸಾಕ್ ಎಂಬ ಕಂಪ್ಯೂಟರಿನ ಮೇಲೆ ಮೂರು ವಾರದ ಪ್ರೋಗ್ರಾಮಿಂಗ್ ತರಬೇತಿ. ಭೌತಶಾಸ್ತ್ರಕ್ಕೆ ಉಪಯೋಗವಾದೀತು ಎಂದು ಮಗ ಹೊರಟರು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನ ಗಣಿತ ಕೇಂದ್ರದಲ್ಲಿ ವಾರಕ್ಕೆ ಕೆಲ ದಿನದ ಕೆಲಸ ಸಿಕ್ಕಿತು. ಅಲ್ಲಿ ಇನ್ನೂ ಕಂಪ್ಯೂಟರೇ ಪೂರ್ತಿ ಕಟ್ಟಿ ಮುಗಿದಿರಲಿಲ್ಲ. ಇಲ್ಲದ ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದು ಹೇಗೆ? ಕಾಗದದ ಮೇಲೆ, ಓಡಿಸಿ ನೋಡದೆಯೇ, ಸರಿಯಾಗಿರಲೇಬೇಕು ಎಂಬಂತೆ ಬರೆಯಬೇಕು. ಅವರ ಇಡೀ ಸ್ವಭಾವ ರೂಪುಗೊಂಡದ್ದು ಅಲ್ಲೇ ಇರಬೇಕು ಎಂದು ನನ್ನ ಊಹೆ.

ಪ್ರೋಗ್ರಾಮಿಂಗ್ ಒಂದು ಮರ್ಯಾದಸ್ಥ ಉದ್ಯೋಗವೇ ಎಂಬ ಚಿಂತೆ ಅವರನ್ನು ಬಹಳ ಕಾಡಿತ್ತು. ಅದಕ್ಕೊಂದು ಶಾಸ್ತ್ರವಿಲ್ಲ, ಇತರರು ಕೇಳಿದರೆ ತೋರಿಸಲು ಏನೂ ಇಲ್ಲ. ಗಣಿತ ಕೇಂದ್ರದ ಹಿರಿಯರಾದ ಆಡ್ರಿಯಾನ್ ವಾನ್ ವೈನ್‌ಗಾರ್ಡನ್ ಅವರು, ಈ ಯಂತ್ರಗಳು ಇನ್ನೆಂದೂ ಹೋಗುವುದಿಲ್ಲ, ಶಾಸ್ತ್ರ ಇಲ್ಲದಿದ್ದರೆ ನೀವೇ ಕಟ್ಟಬಾರದೇಕೆ ಎಂದು ತಿಳಿಹೇಳಿದ ಮೇಲೆ ಭೌತಶಾಸ್ತ್ರ ಬಿಡುವ ಧೈರ್ಯ ಬಂತು. 1957ರಲ್ಲಿ ರಿಯಾ ಡೆಬೆಟ್ಸ್ ಅವರನ್ನು ಮದುವೆಯಾಗುವಾಗ ದಾಖಲೆಯಲ್ಲಿ ಉದ್ಯೋಗ ಎಂಬಲ್ಲಿ ಪ್ರೋಗ್ರಾಮರ್ ಎಂದು ಬರೆಸಲು ಹೋದರೆ ನಗರಸಭೆಯವರು ಒಪ್ಪಲಿಲ್ಲ, ಅಂಥ ಉದ್ಯೋಗವೇ ಇಲ್ಲವೆಂದರು. ಕೊನೆಗೆ ಭೌತಶಾಸ್ತ್ರಜ್ಞ ಎಂದೇ ಬರೆಯಬೇಕಾಯಿತು. ನಮ್ಮ ಮಾವನ ನೆನಪಾಗಿ ನಗು ಬಂತು.

ಮದುವೆಯ ಮುಂಚಿನ ವರ್ಷದ ಕಥೆ ನನ್ನ ಹೊಟ್ಟೆಪಾಡಿಗೆ ಸಂಬಂಧಿಸಿದ್ದು. 1956ರಲ್ಲಿ ಗಣಿತ ಕೇಂದ್ರದ ಹೊಸ ಕಂಪ್ಯೂಟರ್ ಆರ್ಮ್ಯಾಕ್‌ನ ಉದ್ಘಾಟನೆ. ಬಂದವರಿಗೆ ಏನಾದರೂ ತೋರಿಸಬೇಕು, ಆದರೆ ಗಣಿತ ಗೊತ್ತಿಲ್ಲದವರಿಗೂ ಪ್ರಶ್ನೆ ಅರ್ಥವಾಗಬೇಕು. ರಾಟರ್‌ಡ್ಯಾಮ್‌ನಿಂದ ಗ್ರೋನಿಂಗನ್‌ಗೆ ಅತಿ ಹತ್ತಿರದ ದಾರಿ ಯಾವುದು? ಇದನ್ನು ಆರಿಸಿಕೊಂಡರು. ಒಂದು ಬೆಳಿಗ್ಗೆ ರಿಯಾ ಜೊತೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಂಗಡಿ ಸುತ್ತಿ ದಣಿದು ಒಂದು ಕೆಫೆಯ ಹೊರಗೆ ಕಾಫಿ ಕುಡಿಯುತ್ತ ಕೂತಿದ್ದಾಗ, ಕಾಗದ ಪೆನ್ಸಿಲ್ ಇಲ್ಲದೆ, ಸುಮಾರು ಇಪ್ಪತ್ತು ನಿಮಿಷದಲ್ಲಿ ಅದನ್ನು ಬಿಡಿಸುವ ಕ್ರಮ ಹೊಳೆಯಿತು. ಕಾಗದ ಇಲ್ಲದ್ದರಿಂದಲೇ ಅನವಶ್ಯಕ ತೊಡಕುಗಳೆಲ್ಲ ಬಿಟ್ಟುಹೋದವು ಎಂದು ಮುಂದೆ ಅವರಿಗೆ ಅನ್ನಿಸಿತ್ತು. ಪ್ರದರ್ಶನಕ್ಕೆ 64 ಊರುಗಳ ನಕ್ಷೆ ತೆಗೆದುಕೊಂಡರು, ಒಂದು ಊರಿನ ಸಂಖ್ಯೆ ಆರು ಬಿಟ್‌ಗಳಲ್ಲಿ ಹಿಡಿಯಲಿ ಎಂದು.

ಕ್ರಮ ಎಷ್ಟು ಸರಳ ಎಂದರೆ ನಮ್ಮ ಊರಿನ ದಾರಿಯಲ್ಲೇ ತೋರಿಸಬಹುದು. ಪುಣೆಯಿಂದ ರಾಣೆಬೆನ್ನೂರಿಗೆ ಹೋಗಬೇಕು. ನೇರ ತಲುಪಬಹುದಾದ ಊರುಗಳಲ್ಲಿ ಎಲ್ಲಕ್ಕಿಂತ ಹತ್ತಿರದ್ದು ಯಾವುದು? ಸಾತಾರಾ ಎಂದಿಟ್ಟುಕೊಳ್ಳಿ. ಅದರ ದೂರ ಖಾಯಂ, ಇನ್ನು ಬದಲಾಗುವುದಿಲ್ಲ, ಏಕೆಂದರೆ ಬೇರೆ ಯಾವ ಊರಿನ ಮೇಲೆ ಸುತ್ತಿ ಬಂದರೂ ಇನ್ನೂ ದೂರವೇ ಆಗುತ್ತದೆ. ಈಗ ಸಾತಾರಾದಿಂದ ಮುಂದಿನ ಊರುಗಳ ದೂರ ಕೂಡಿಸಿ ಪಟ್ಟಿಗೆ ಸೇರಿಸಿ. ಪಟ್ಟಿಯಲ್ಲಿ ಉಳಿದವುಗಳಲ್ಲಿ ಮತ್ತೆ ಅತಿ ಹತ್ತಿರದ್ದನ್ನು ಖಾಯಂ ಮಾಡಿ. ಸೊಲ್ಲಾಪುರ ಬರಬಹುದು, ಕೊಲ್ಹಾಪುರ ಬರಬಹುದು. ಹೀಗೆ ಒಂದೊಂದೇ ಊರನ್ನು ಖಾಯಂ ಮಾಡುತ್ತ ಹೋದರೆ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ ದಾಟಿ ರಾಣೆಬೆನ್ನೂರು ಬರುತ್ತದೆ. ಒಮ್ಮೆ ಖಾಯಂ ಆದದ್ದನ್ನು ಮತ್ತೆ ಮುಟ್ಟುವುದೇ ಇಲ್ಲ. ಅಷ್ಟೇ. ಈ ಮೂರು ಪುಟದ ಲೇಖನ ಅಚ್ಚಾದದ್ದು 1959ರಲ್ಲಿ. ಕಂಪ್ಯೂಟರಿಗೆಂದೇ ಮೀಸಲಾದ ಪತ್ರಿಕೆಗಳು ಆಗ ವಿರಳ.

ಅದೇ ವರ್ಷ ಅವರಿಗೆ ಡಾಕ್ಟರೇಟ್ ಬಂತು. ಅದರ ವಿಷಯ ನನ್ನನ್ನು ಇನ್ನೂ ಹೆಚ್ಚು ಹಿಡಿಯಿತು. ಎಕ್ಸ್1 ಎಂಬ ಹೊಸ ಕಂಪ್ಯೂಟರ್ ತಯಾರಾಗುತ್ತಿತ್ತು. ಕೆಲಸದ ಮಧ್ಯೆ ಪ್ರಿಂಟರಿನಂಥ ಸಾಧನಗಳು ಯಂತ್ರವನ್ನು ತಡೆದು ನನ್ನ ಕಡೆ ನೋಡು ಎನ್ನುವ ಸೌಲಭ್ಯ, ಅಂದರೆ ಇಂಟರಪ್ಟ್, ಅದರಲ್ಲಿತ್ತು. ವಿನ್ಯಾಸಕಾರರಿಗೆ ಅದು ಹೆಮ್ಮೆಯ ವಿಷಯ, ಡೈಕ್‌ಸ್ಟ್ರಾಗೆ ಭಯ. ಯಾವ ಕ್ಷಣದಲ್ಲಿ ತಡೆ ಬರುತ್ತದೆ ಎಂದು ಪ್ರೋಗ್ರಾಮಿಗೆ ಗೊತ್ತಿರುವುದಿಲ್ಲ. ಒಂದು ಸಲ ಆದ ತಪ್ಪು ಇನ್ನೊಂದು ಸಲ ಬೇಕೆಂದರೂ ಆಗುವುದಿಲ್ಲ. ಹತ್ತು ಸಲ ಸರಿ ಬಂದದ್ದು ಹನ್ನೊಂದನೇ ಸಲ ಏಕೆ ತಪ್ಪಿತು ಎಂದು ಹೇಳಲಾಗದು. ಸ್ವಲ್ಪ ಕಾಲ ವಿರೋಧಿಸಿ ಕೊನೆಗೆ ಒಪ್ಪಿ, ಯಾವ ಕ್ಷಣದಲ್ಲಿ ತಡೆದರೂ ಕೆಡದಂಥ ಪ್ರೋಗ್ರಾಂ ಬರೆದುಕೊಟ್ಟರು. ಮೂರು ಶನಿವಾರ ಸರಿ ಬಂದು ಒಂದು ಮಂಗಳವಾರ ತಪ್ಪಿದ್ದನ್ನು ಕಂಡಿದ್ದ ನನಗೆ ಆ ಭಯದ ರುಚಿ ಗೊತ್ತಿತ್ತು.

ನಂತರದ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ, ಪಠ್ಯಪುಸ್ತಕಗಳಲ್ಲಿ ಬೇಕಾದಷ್ಟಿದೆ. 1960ರಲ್ಲಿ ಯಾಪ್ ಝೊನ್ನೆವೆಲ್ಡ್ ಜೊತೆ ಆಲ್ಗಾಲ್ ಭಾಷೆಗೆ ಕಂಪೈಲರ್ ಬರೆದರು. ಅದು ಮುಗಿಯುವವರೆಗೆ ಗಡ್ಡ ತೆಗೆಯುವುದಿಲ್ಲ ಎಂದು ಇಬ್ಬರೂ ಪಣ ತೊಟ್ಟಿದ್ದರು. ಮುಗಿದ ಮೇಲೆ ಝೊನ್ನೆವೆಲ್ಡ್ ತೆಗೆಸಿದರು, ಡೈಕ್‌ಸ್ಟ್ರಾ ಕೊನೆಯತನಕ ಇಟ್ಟುಕೊಂಡರು. 1962ರಲ್ಲಿ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾದರು. ಹಲವು ಕೆಲಸಗಳು ಒಂದೇ ಯಂತ್ರದಲ್ಲಿ ಒಂದನ್ನೊಂದು ತುಳಿಯದೆ ಸಾಗಲು ಸೆಮಾಫೋರ್ ಎಂಬ ಸಂಕೇತ ಕಂಡುಹಿಡಿದರು. ಹೆಸರು ರೈಲ್ವೆ ಕೈಕಂಬದಿಂದ ಬಂದದ್ದು. 1968ರ ಗೋಟೂ ವಿರೋಧಿ ಪತ್ರದಿಂದ ಜಗತ್ತಿನಾದ್ಯಂತ ಜಗಳ ಎಬ್ಬಿಸಿದರು. 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

ಈ ಕಾಲದಲ್ಲೇ ಅವರು ಪ್ರೋಗ್ರಾಂ ಪರೀಕ್ಷಿಸುವವರ ಮೇಲೆ ಕೆಂಡ ಕಾರತೊಡಗಿದ್ದು. ಎಷ್ಟು ಸಲ ಓಡಿಸಿ ನೋಡಿದರೂ ಅದು ಸರಿಯಿದೆ ಎನ್ನುವುದಕ್ಕೆ ಸಾಕ್ಷಿಯೇ ಅಲ್ಲ, ಗಣಿತದ ಪ್ರಮೇಯದಂತೆ ಸಾಧಿಸಿ ತೋರಿಸಬೇಕು ಎಂಬುದು ಅವರ ಹಟ. ಮಾತು ಖಾರ. ಒಪ್ಪದವರನ್ನು ಮೂದಲಿಸುತ್ತಿದ್ದರು, ಒಳ್ಳೆಯ ಕೆಲಸ ಮಾಡಿದವರನ್ನೂ ನೋಯಿಸಿದ್ದುಂಟು. ಆ ಟಿಪ್ಪಣಿಗಳನ್ನು ಓದುವಾಗ ನನಗೂ ಎರಡು ಮೂರು ಕಡೆ ಸಿಟ್ಟು ಬಂತು. ಒಂದು ಯಂತ್ರ, ಒಂದು ಪ್ರೋಗ್ರಾಂ ಆದರೆ ಸಾಧಿಸಿ ತೋರಿಸೋಣ ಸ್ವಾಮಿ. ನೆಟ್‌ವರ್ಕಿನಲ್ಲಿ ನನ್ನ ಪಕ್ಕದ ರೂಟರ್ ಇನ್ಯಾರದೋ, ಅದರ ಪಕ್ಕದ್ದು ಮತ್ಯಾರದೋ. ಯಾವುದು ಯಾವಾಗ ಕೆಡುತ್ತದೆ, ಯಾರು ಯಾವಾಗ ಯಾವ ತಂತಿ ಕೀಳುತ್ತಾರೆ ಎಂದು ಯಾವ ಪ್ರಮೇಯ ಹೇಳೀತು?

ಇದಕ್ಕೂ ಅವರೇ ಉತ್ತರ ಬರೆದಿಟ್ಟಿದ್ದರು, ನಾನು ಅಲ್ಲಿಗೆ ಇನ್ನೂ ಬಂದಿರಲಿಲ್ಲ.

1973ರಲ್ಲಿ ಅವರು ಬರೋಸ್ ಎಂಬ ಅಮೆರಿಕದ ಕಂಪ್ಯೂಟರ್ ಕಂಪನಿಯ ಸಂಶೋಧಕರಾದರು. ಕಚೇರಿ ಎಂದರೆ ನ್ಯೂನನ್ ಊರಿನ ಸ್ವಂತ ಮನೆಯ ಒಂದು ಕೋಣೆ. ಹಿಂದೊಮ್ಮೆ ಚಿತ್ರಕಾರ ವಾನ್ ಗೋ ಇದ್ದ ಊರು ಅದು. ಅಲ್ಲಿಂದಲೇ ಟಿಪ್ಪಣಿ ಬರೆದು, ಪ್ರತಿ ಮಾಡಿ, ಅಂಚೆಯಲ್ಲಿ ಗೆಳೆಯರಿಗೆ ಕಳಿಸುತ್ತಿದ್ದರು. ಅವರು ತಮ್ಮ ಗೆಳೆಯರಿಗೆ, ಅವರು ಮತ್ತೊಬ್ಬರಿಗೆ. 1300ಕ್ಕೂ ಹೆಚ್ಚು ಟಿಪ್ಪಣಿಗಳು ಹೀಗೆ ಕೈಯಿಂದ ಕೈಗೆ ಹೋಗಿ ಜಗತ್ತು ಸುತ್ತಿದವು. ರೂಟಿಂಗ್ ಸುದ್ದಿಯೂ ನಮ್ಮ ರೂಟರುಗಳ ನಡುವೆ ಥೇಟ್ ಹೀಗೆಯೇ ಹರಡುತ್ತದೆ.

1974ರ ನವೆಂಬರ್‌ನಲ್ಲಿ ಆ ಎರಡು ಪುಟದ ಲೇಖನ ಅಚ್ಚಾಯಿತು. ಹಲವು ಜನ ವೃತ್ತಾಕಾರವಾಗಿ ಕೂತಿದ್ದಾರೆ ಎಂದುಕೊಳ್ಳಿ. ಪ್ರತಿಯೊಬ್ಬರ ಕೈಯಲ್ಲೂ ಒಂದು ಸ್ಲೇಟು, ಅದರಲ್ಲೊಂದು ಸಂಖ್ಯೆ. ಯಾರಿಗೂ ಪೂರ್ತಿ ವೃತ್ತ ಕಾಣುವುದಿಲ್ಲ, ಎಡಗಡೆಯವರ ಸ್ಲೇಟು ಮಾತ್ರ ಕಾಣುತ್ತದೆ. ನಿಯಮ ಇಷ್ಟೇ: ಎಡಗಡೆಯವರ ಸಂಖ್ಯೆ ನಿಮ್ಮದಕ್ಕಿಂತ ಬೇರೆ ಇದ್ದರೆ ಅದನ್ನೇ ನಿಮ್ಮ ಸ್ಲೇಟಿಗೆ ಬರೆದುಕೊಳ್ಳಿ. ಒಬ್ಬರಿಗೆ ಮಾತ್ರ ನಿಯಮ ಬೇರೆ: ಎಡಗಡೆಯ ಸಂಖ್ಯೆ ತಮ್ಮದರಷ್ಟೇ ಇದ್ದರೆ ತಮ್ಮದಕ್ಕೆ ಒಂದು ಕೂಡಿಸಬೇಕು. ಬದಲಿಸುವ ಅವಕಾಶ ಯಾರಿಗಿದೆಯೋ ಅವರದು ಸರದಿ. ಒಂಟಿ ಹಳಿಯ ಕಾಲದಲ್ಲಿ ಸ್ಟೇಷನ್ ಮಾಸ್ತರರು ಡ್ರೈವರ್ ಕೈಗೆ ಟೋಕನ್ ಕೊಡುತ್ತಿದ್ದರಲ್ಲ, ಹಾಗೆ. ಟೋಕನ್ ಒಂದೇ ಇರಬೇಕು. ಎರಡು ಇದ್ದರೆ ಎರಡು ರೈಲು ಎದುರುಬದುರು.

ಸೋಜಿಗ ಏನೆಂದರೆ, ಸಂಖ್ಯೆಗಳಿಗೆ ಸಾಕಷ್ಟು ವಿಸ್ತಾರವಿದ್ದರೆ, ಆಟ ಶುರುವಾಗುವಾಗ ಸ್ಲೇಟುಗಳಲ್ಲಿ ಏನು ಬೇಕಾದರೂ ಇರಲಿ. ಮಕ್ಕಳು ಗೀಚಿಟ್ಟ ಸಂಖ್ಯೆಗಳಿರಲಿ, ಐದಾರು ಜನರಿಗೆ ಒಟ್ಟಿಗೆ ಸರದಿ ಬಂದಿರಲಿ. ಸ್ವಲ್ಪ ಹೊತ್ತು ನಿಯಮದಂತೆ ನಡೆದರೆ ತಾನಾಗಿಯೇ ಒಂದೇ ಸರದಿ ಉಳಿದು, ವೃತ್ತದಲ್ಲಿ ಸುತ್ತತೊಡಗುತ್ತದೆ. ಮೇಲ್ವಿಚಾರಕರಿಲ್ಲ, ಎಲ್ಲವನ್ನೂ ನಿಲ್ಲಿಸಿ ಮೊದಲಿಂದ ಶುರು ಮಾಡಿ ಎನ್ನುವವರಿಲ್ಲ. ತಪ್ಪೇ ಇಲ್ಲದಂತೆ ಬರೆಯಬೇಕು ಎಂದು ಜೀವನವಿಡೀ ಹಟ ಹಿಡಿದ ಮನುಷ್ಯ, ತಪ್ಪಿನ ನಟ್ಟನಡುವಿಂದಲೇ ಶುರು ಮಾಡಿದರೂ ಸರಿಗೆ ಬಂದು ಸೇರುವ ವ್ಯವಸ್ಥೆಯ ಬಗ್ಗೆ ಬರೆದಿದ್ದರು. ಅದೂ ಸಾಧನೆಯನ್ನು ಓದುಗರಿಗೇ ಬಿಟ್ಟು! ಅದರ ಒಂದು ಭಾಗದ ಸಾಧನೆಯನ್ನು ತಾವೇ ಅಚ್ಚು ಮಾಡಿಸಿದ್ದು 1986ರಲ್ಲಿ, ತಡವಾಯಿತು ಎಂದು ಶೀರ್ಷಿಕೆಯಲ್ಲೇ ಒಪ್ಪಿಕೊಂಡು.

ಹಲವು ವರ್ಷ ಆ ಲೇಖನವನ್ನು ಯಾರೂ ಗಮನಿಸಲಿಲ್ಲ. ಅಷ್ಟರಲ್ಲಿ ಅವರ ಇನ್ನೊಂದು ಲೇಖನ, ಕೆಫೆಯಲ್ಲಿ ಹುಟ್ಟಿದ್ದು, ಅಮೆರಿಕಕ್ಕೆ ಹೋಗಿ ನೆಲೆಸಿತ್ತು. ಇಂಟರ್ನೆಟ್ಟಿನ ಹಿರಿಯಜ್ಜಿಯಾದ ಅರ್ಪಾನೆಟ್ 1979ರಲ್ಲಿ ಡೈಕ್‌ಸ್ಟ್ರಾ ಕ್ರಮದ ರೂಟಿಂಗಿಗೆ ಬದಲಾಯಿತು. ಪ್ರತಿ ನೋಡ್ ತನ್ನ ಸುತ್ತಲಿನ ದಾರಿಗಳ ಸುದ್ದಿಯನ್ನು ಎಲ್ಲರಿಗೂ ಹರಡುತ್ತದೆ, ಎಲ್ಲರ ಬಳಿಯೂ ಒಂದೇ ನಕ್ಷೆ ಇರುತ್ತದೆ, ಪ್ರತಿಯೊಬ್ಬರೂ ಅತಿ ಹತ್ತಿರದ ದಾರಿಯನ್ನು ತಾವೇ ಲೆಕ್ಕ ಹಾಕುತ್ತಾರೆ. 2019ರ ಆಗಸ್ಟ್‌ನಲ್ಲಿ ಕೊಲ್ಹಾಪುರದ ಹತ್ತಿರ ಹೆದ್ದಾರಿ ನೀರಲ್ಲಿ ಮುಳುಗಿದಾಗ ನಾವೆಲ್ಲ ಫೋನ್ ಮಾಡಿ ಮಾಡಿ ಸುದ್ದಿ ಹರಡಿ, ಸೊಲ್ಲಾಪುರ, ವಿಜಯಪುರದ ಮೇಲೆ ಸುತ್ತಿ ಊರು ತಲುಪಿದೆವಲ್ಲ, ಅದೇ ಕೆಲಸ.

1980ರ ಅಕ್ಟೋಬರ್ 27ರಂದು ಈ ಅರ್ಪಾನೆಟ್ ಗಂಟೆಗಟ್ಟಲೆ ನಿಂತುಹೋಯಿತು. ಸುದ್ದಿ ಹಳೆಯದೋ ಹೊಸದೋ ಎಂದು ತಿಳಿಯಲು ಪ್ರತಿ ಸುದ್ದಿಗೂ ಒಂದು ಕ್ರಮಸಂಖ್ಯೆ ಇತ್ತು, ಆರು ಬಿಟ್‌ನದು. ಮತ್ತೆ 64! ಗಡಿಯಾರದಂತೆ 63 ಆದ ಮೇಲೆ ಮತ್ತೆ ಸೊನ್ನೆ. ವೃತ್ತದಲ್ಲಿ ಅರ್ಧ ಸುತ್ತಿನೊಳಗೆ ಮುಂದಿರುವುದೇ ಹೊಸತು ಎಂಬ ನಿಯಮ. ಕೆಟ್ಟ ಯಂತ್ರಾಂಶದಿಂದ ಬಿಟ್‌ಗಳು ಉದುರಿ, ಒಂದೇ ನೋಡಿನ ಮೂರು ಸುದ್ದಿಗಳು 8, 40, 44 ಎಂಬ ಸಂಖ್ಯೆ ಹೊತ್ತು ಹೊರಬಿದ್ದವು. ನಿಯಮದ ಪ್ರಕಾರ 8ಕ್ಕಿಂತ 40 ಹೊಸತು, 40ಕ್ಕಿಂತ 44 ಹೊಸತು, 44ಕ್ಕಿಂತ ಮತ್ತೆ 8 ಹೊಸತು. ಮೂರೂ ಒಂದರ ಬಾಲ ಒಂದು ಹಿಡಿದು ಸುತ್ತತೊಡಗಿದವು, ನೋಡುಗಳಿಗೆ ಬೇರೆ ಕೆಲಸಕ್ಕೆ ಪುರಸೊತ್ತೇ ಇಲ್ಲದಾಯಿತು. ಮೂಲ ದೋಷ ಹೋದರೂ ಸುತ್ತು ನಿಲ್ಲಲಿಲ್ಲ, ಜನ ಕೈಹಾಕಿ ಬಿಡಿಸಬೇಕಾಯಿತು. ಒಂದು ಸಲ ಕೆಟ್ಟರೆ ತಾನಾಗಿ ಸರಿಹೋಗುವ ಗುಣವೇ ಅದಕ್ಕಿರಲಿಲ್ಲ. ಇಂಥ ಕಸ ತಾನಾಗಿಯೇ ಸಾಯುವಂತೆ ರೂಟಿಂಗ್ ಸುದ್ದಿ ಹರಡುವ ಕ್ರಮವನ್ನು ರೇಡಿಯಾ ಪರ್ಲ್‌ಮನ್ 1983ರಲ್ಲಿ ಪ್ರಕಟಿಸಿದರು. ಅದೇ ವರ್ಷ ಲೆಸ್ಲಿ ಲ್ಯಾಂಪೋರ್ಟ್ ಒಂದು ಸಮ್ಮೇಳನದ ವೇದಿಕೆಯಲ್ಲಿ ಡೈಕ್‌ಸ್ಟ್ರಾ ಅವರ ಆ ಎರಡು ಪುಟಗಳನ್ನು ಎತ್ತಿ ಹೊಗಳಿದರು. ಆಮೇಲೆ ಎಲ್ಲರ ಕಣ್ಣು ಬಿತ್ತು.

ನಮ್ಮ ಸ್ವಿಚ್ಚಿನಲ್ಲಿರುವ ಒಎಸ್‌ಪಿಎಫ್ ಎಂಬ ರೂಟಿಂಗ್ ಕ್ರಮಕ್ಕೆ ಈ ಎರಡೂ ಲೇಖನಗಳ ಗುಣವಿದೆ. ದಾರಿ ಹುಡುಕುವುದು 1959ರ ಕ್ರಮದಲ್ಲಿ. ಸುದ್ದಿಗೆ ಆಯುಷ್ಯ ಒಂದು ಗಂಟೆ. ಹುಟ್ಟಿಸಿದವರು ಅರ್ಧ ಗಂಟೆಗೊಮ್ಮೆ ನವೀಕರಿಸದಿದ್ದರೆ ತಾನಾಗಿ ಸಾಯುತ್ತದೆ. ಇನ್ನು ಫೇಲ್‌ಓವರ್‌ಗೆಂದೇ 2003ರಲ್ಲಿ ಒಂದು ಒಡಂಬಡಿಕೆ ಸೇರಿತು. ಸ್ವಿಚ್ಚಿನ ತಲೆ ಬದಲಾಗುವಾಗ ಅದು ಪಕ್ಕದ ರೂಟರುಗಳಿಗೆ ಒಂದು ಸುದ್ದಿ ಕಳಿಸುತ್ತದೆ: ನಾನು ಸ್ವಲ್ಪ ಹೊತ್ತು ಮಾತಾಡುವುದಿಲ್ಲ, ಸತ್ತೆನೆಂದು ಸಾರಬೇಡಿ, ನನ್ನ ಕೈ ಕೆಲಸ ಮಾಡುತ್ತಿದೆ. ಪಕ್ಕದವರು ಒಪ್ಪಿ ಅಷ್ಟು ಹೊತ್ತು ಏನೂ ಆಗಿಲ್ಲವೆಂಬಂತೆ ಇರಬೇಕು.

ನಮ್ಮ ಸ್ವಿಚ್ಚಿನ ಪಕ್ಕದಲ್ಲಿ ಮೂರು ರೂಟರುಗಳಿದ್ದವು. ಕಾರ್ಡು ಸಾಯುವ ಎರಡು ವಾರ ಮೊದಲು ಬೇರೆ ತಂಡದವರು ಅವುಗಳಲ್ಲಿ ಒಂದನ್ನು ಬದಲಿಸಿದ್ದರು. ಹೊಸ ರೂಟರಿನಲ್ಲಿ ಆ ಒಡಂಬಡಿಕೆಯ ಆಯ್ಕೆ ಬಂದ್ ಆಗಿತ್ತು. ಮಂಗಳವಾರ ಬೆಳಿಗ್ಗೆ ನಮ್ಮ ಸ್ವಿಚ್ಚು ಮಾತು ನಿಲ್ಲಿಸಿ ಹೊಸದಾಗಿ ನಮಸ್ಕಾರ ಎಂದ ಕೂಡಲೇ ಅದು ಸಂಬಂಧ ಕಡಿದು, ಈ ಸ್ವಿಚ್ಚಿನ ದಾರಿ ಹೋಯಿತು ಎಂದು ಸಾರಿತು. ಉಳಿದ ಎರಡು ರೂಟರುಗಳು ಒಪ್ಪಿಕೊಂಡು ಕಾಯುತ್ತಿದ್ದವು. ಆದರೆ ಕಾಯುವ ಅವಧಿಯಲ್ಲಿ ನಕ್ಷೆ ಬದಲಾದ ಸುದ್ದಿ ಬಂದರೆ ಕಾಯುವುದನ್ನು ಬಿಡಬೇಕು ಎಂಬುದೂ ಒಡಂಬಡಿಕೆಯಲ್ಲೇ ಇದೆ, ಇಲ್ಲದಿದ್ದರೆ ಪ್ಯಾಕೆಟ್ಟುಗಳು ಸುತ್ತು ಹೊಡೆಯುತ್ತವೆ. ಅವೂ ಬಿಟ್ಟವು. ಒಬ್ಬರು ಒಪ್ಪದ್ದರಿಂದ ಮೂವರೂ ಬಿಟ್ಟಂತಾಯಿತು. ಎಲ್ಲರೂ ಡೈಕ್‌ಸ್ಟ್ರಾ ಲೆಕ್ಕ ಮತ್ತೆ ಹಾಕಿದರು, ಯಾರ ಲೆಕ್ಕದಲ್ಲೂ ನಾವಿರಲಿಲ್ಲ. ನಮ್ಮ ಸ್ವಿಚ್ಚಿನ ಕೈ ಕೊನೆಯತನಕ ಓಡುತ್ತಲೇ ಇತ್ತು. ಬಸ್ ಸ್ಟ್ಯಾಂಡು ತೆರೆದಿತ್ತು, ಬಸ್ಸು ಕಳಿಸುವವರೇ ಇರಲಿಲ್ಲ. ಮತ್ತೆ ಪರಿಚಯವಾಗಿ, ನಕ್ಷೆ ಹಂಚಿಕೊಂಡು, ದಾರಿ ಮರಳಿ ಬರಲು ಐವತ್ತು ಸೆಕೆಂಡು. ಯಾರೂ ಕೈಹಾಕಬೇಕಾಗಲಿಲ್ಲ ಎಂಬುದನ್ನು ಆ ದಿನದ ಗಾಬರಿಯಲ್ಲಿ ನಾವ್ಯಾರೂ ಗಮನಿಸಿರಲಿಲ್ಲ.

ವರದಿ ಬರೆಯುವಾಗ ಯಂತ್ರಾಂಶದ ದೋಷ ಎಂದು ಬರೆದು ಮುಗಿಸೋಣ ಎಂಬ ಸಲಹೆ ಮೇಲಿನಿಂದ ಬಂತು. ಸುಳ್ಳೇನಲ್ಲ, ಕಾರ್ಡು ಸತ್ತದ್ದು ನಿಜ. ಎರಡು ದಿನ ಹಾಗೇ ಇಟ್ಟುಕೊಂಡಿದ್ದೆ. ಕೊನೆಗೆ, ಮೂರು ಪರೀಕ್ಷೆಗಳೂ ಒಂದೇ ಸ್ಥಿತಿಯಲ್ಲಿ ನಡೆದಿದ್ದವು, ಪಕ್ಕದ ರೂಟರ್ ಬದಲಾದರೆ ಏನಾಗುತ್ತದೆ ಎಂದು ನಾನು ನೋಡಿರಲಿಲ್ಲ, ಅಡಚಣೆ ಇರುವುದಿಲ್ಲ ಎಂದು ಬರೆದದ್ದು ನನಗೆ ಗೊತ್ತಿದ್ದದ್ದಕ್ಕಿಂತ ಹೆಚ್ಚಿನ ಮಾತು ಎಂದು ಬರೆದೆ. ನಾಲ್ಕು ಸಾಲು. ಆ ವರ್ಷದ ಇನ್‌ಕ್ರಿಮೆಂಟ್ ಅಷ್ಟಕ್ಕಷ್ಟೇ ಆಯಿತು. ಆದರೆ ಈಗ ಯಾವ ತಂಡ ರೂಟರ್ ಬದಲಿಸಿದರೂ ಅದರ ಪಕ್ಕದವರಿಗೆ ಹೇಳಿ, ಫೇಲ್‌ಓವರ್ ಮತ್ತೆ ಮಾಡಿ ನೋಡಿಯೇ ಮುಂದುವರಿಯುತ್ತಾರೆ.

ಡೈಕ್‌ಸ್ಟ್ರಾ 1984ರಲ್ಲಿ, ಐವತ್ತನಾಲ್ಕನೇ ವಯಸ್ಸಿನಲ್ಲಿ, ದೇಶ ಬಿಟ್ಟು ಟೆಕ್ಸಾಸಿನ ಆಸ್ಟಿನ್‌ಗೆ ಹೋದರು. ನಮ್ಮಂಥವರು ಇಪ್ಪತ್ತೈದರಲ್ಲಿ ಬಿಡುವುದನ್ನು ಅವರು ಆ ವಯಸ್ಸಿನಲ್ಲಿ ಬಿಟ್ಟರು. ಕರಿಹಲಗೆ, ಸೀಮೆಸುಣ್ಣ, ವಾರಕ್ಕೊಮ್ಮೆ ಮಂಗಳವಾರ ಮಧ್ಯಾಹ್ನ ಕೂತು ಒಂದು ಲೇಖನವನ್ನು ಸಾಲು ಸಾಲಾಗಿ ಓದಿ ಕುಟ್ಟುವ ಕೂಟ, ಎಲ್ಲವನ್ನೂ ಐಂಡ್‌ಹೋವನ್‌ನಿಂದ ಜೊತೆಗೇ ಒಯ್ದರು. ರಿಯಾ ಮತ್ತು ಅವರು ಒಂದು ಫೋಕ್ಸ್‌ವ್ಯಾಗನ್ ವ್ಯಾನ್ ಕೊಂಡು, ಟ್ಯೂರಿಂಗ್ ಹೆಸರನ್ನೇ ಚೂರು ತಿರುಚಿ ಅದಕ್ಕೆ ಟೂರಿಂಗ್ ಮಷೀನ್ ಎಂದು ಹೆಸರಿಟ್ಟು, ಅಮೆರಿಕದ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತಿದರು. ಮನೆಯಲ್ಲಿ ಪಿಯಾನೋ ಇತ್ತು, ಮೊಜಾರ್ಟ್ ಇಷ್ಟ. ಜಗತ್ತಿಗೆ ಪ್ರೋಗ್ರಾಮಿಂಗ್ ಕಲಿಸಿದವರು ಬಹುಕಾಲ ಸ್ವಂತಕ್ಕೆ ಕಂಪ್ಯೂಟರ್ ಇಟ್ಟುಕೊಂಡಿರಲಿಲ್ಲ; ಕೊನೆಗೆ ಬಂದದ್ದೂ ಇಮೇಲ್ ನೋಡುವುದಕ್ಕೆ. 1999ರಲ್ಲಿ ನಿವೃತ್ತಿ.

ಕ್ಯಾನ್ಸರ್ ಎಂದು ಗೊತ್ತಾದ ಮೇಲೆ, 2002ರ ಆರಂಭದಲ್ಲಿ, ಇಬ್ಬರೂ ನ್ಯೂನನ್‌ನ ಹಳೆಯ ಮನೆಗೆ ಮರಳಿದರು. ಏಪ್ರಿಲ್‌ನಲ್ಲಿ ಕೊನೆಯ ಟಿಪ್ಪಣಿ ಬರೆದರು, ಅದೇ ಅಕ್ಷರ, ಅದೇ ಪೆನ್ನು. ಆ ಬೇಸಿಗೆಯಲ್ಲಿ ಒಂದು ಪ್ರಶಸ್ತಿ ಬಂತು: ಹಲವು ಯಂತ್ರಗಳು ಕೂಡಿ ಕೆಲಸ ಮಾಡುವ ಶಾಸ್ತ್ರದ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದ ಲೇಖನಕ್ಕೆ. ಯಾರೂ ಗಮನಿಸದಿದ್ದ 1974ರ ಆ ಎರಡು ಪುಟಗಳಿಗೆ. ಆಗಸ್ಟ್ 6ರಂದು ಅವರು ತೀರಿಕೊಂಡರು. ಮರುವರ್ಷದಿಂದ ಆ ಪ್ರಶಸ್ತಿಗೆ ಅವರದೇ ಹೆಸರು.

ಈ ಶನಿವಾರ ರಾತ್ರಿ ಒಂದು ಗಂಟೆಗೆ ನಮ್ಮಲ್ಲಿ ಮತ್ತೆ ಫೇಲ್‌ಓವರ್ ಪರೀಕ್ಷೆ ಇದೆ. ಈ ಸಲ ಒಬ್ಬ ಹೊಸ ಹುಡುಗ ಮಾಡುತ್ತಾನೆ, ಗದಗದ ಕಡೆಯವನು. ಮೂರು ರೂಟರುಗಳಲ್ಲಿ ಒಂದರ ಒಡಂಬಡಿಕೆಯನ್ನು ಅವನಿಗೆ ಹೇಳದೆ ಬಂದ್ ಮಾಡಿಡುವುದು ಎಂದು ನಾವು ಮಾತಾಡಿಕೊಂಡಿದ್ದೇವೆ.